ನಾಲ್ಕು ಸಕ್ಕರೆ ಯಾಕೆ ಬೇಕು?

ಗದಗದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ಧಾರವಾಡದಲ್ಲಿ ಎಂ.ಎಸ್ಸಿ. ಓದುವ ಮೊಮ್ಮಗಳು ಪೆಪ್ಟೈಡಿಗೆ ನಾಲ್ಕು ಸಕ್ಕರೆ ಜೋಡಿಸುತ್ತಾಳಂತೆ. ನನಗೆ ಶುಗರ್ ಇದೆ. ಇದು ಅದಕ್ಕೆ ಔಷಧವಾ? ಒಂದು ಸಕ್ಕರೆ ಸಾಲದಾ?’

ಮಾಸ್ತರರೇ, ಶುಗರ್‌ಗೂ ಇದಕ್ಕೂ ಸಂಬಂಧವಿಲ್ಲ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಗಿಡ್ಡ ಸರ, ಪ್ರೋಟೀನಿನ ಚಿಕ್ಕ ತುಂಡಿನಂತೆ. ನಮ್ಮ ಜೀವಕೋಶಗಳ ಮೈಮೇಲೆ ಗ್ಯಾಲಕ್ಟೋಸ್, ಮ್ಯಾನೋಸ್, ಸಿಯಾಲಿಕ್ ಆಮ್ಲದಂಥ ಸಕ್ಕರೆಗಳು ಇರುತ್ತವೆ. ಅವನ್ನು ಗುರುತಿಸಿ ಹಿಡಿಯುವ ಪ್ರೋಟೀನಿಗೆ ಲೆಕ್ಟಿನ್ ಎಂದು ಹೆಸರು. ನಿಮ್ಮ ಕಡೆಯ ಶೇಂಗಾದಲ್ಲೂ ಒಂದು ಲೆಕ್ಟಿನ್ ಇದೆ. ಅದೇ ಶೇಂಗಾದ ಬುಡ ಕೊಳೆಸುವ ಸ್ಕ್ಲೆರೋಶಿಯಂ ಶಿಲೀಂಧ್ರದಲ್ಲಿ ಇನ್ನೊಂದಿದೆ. ಅದರ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಕೆಲಸ ನಡೆದಿದೆ. ಫ್ಲೂ ವೈರಸ್ ನಮಗೆ ಅಂಟುವುದೂ ಸಿಯಾಲಿಕ್ ಆಮ್ಲವನ್ನು ಹಿಡಿದೇ.

ಮೊಮ್ಮಗಳ ಸಕ್ಕರೆಯೂ ಬಹುಶಃ ಇಂಥ ಲೆಕ್ಟಿನ್ನಿಗೆ ಅಂಟಲೆಂದೇ. ಆದರೆ ಒಂಟಿ ಸಕ್ಕರೆಯ ಮೇಲೆ ಲೆಕ್ಟಿನ್ನಿನ ಹಿಡಿತ ಬಹಳ ಸಡಿಲು. ಬದುವಿನ ಮೇಲೆ ನಡೆದರೆ ಧೋತರಕ್ಕೆ ಉತ್ತರಾಣಿ ಅಂಟುತ್ತದಲ್ವಾ? ಒಂದು ಕಾಳಾದರೆ ಕೊಡವಿದರೆ ಬೀಳುತ್ತದೆ. ತೆನೆಯೇ ಅಂಟಿದರೆ ಕಟ್ಟೆ ಮೇಲೆ ಕೂತು ಬಿಡಿಸಬೇಕು. ಒಂದು ಬಿಟ್ಟರೂ ಉಳಿದವು ಬಿಡುವುದಿಲ್ಲ. ಬಿಟ್ಟದ್ದೂ ದೂರ ಹೋಗದೆ ಮತ್ತೆ ಅಂಟುತ್ತದೆ.

ಹಾಗಂತ ಸುಮ್ನೆ ಜಾಸ್ತಿ ಪೋಣಿಸಿದರೆ ಆಗದು. ಲೆಕ್ಟಿನ್ನಿನಲ್ಲಿ ಸಕ್ಕರೆ ಕೂರುವ ಗುಂಡಿಗಳು ಎಷ್ಟು ದೂರದಲ್ಲಿವೆಯೋ ಅಷ್ಟಕ್ಕೆ ಸಕ್ಕರೆ ಹೊತ್ತ ತೋಳು ಸರಿಹೊಂದಬೇಕು. ಗಿಡ್ಡವಾದರೆ ಮುಟ್ಟದು, ತೀರಾ ಉದ್ದವಾದರೆ ಜೋಲಾಡುತ್ತದೆ. ಅದಕ್ಕೇ ಪೆಪ್ಟೈಡ್ ಅನುಕೂಲ. ಅಮೈನೋ ಆಮ್ಲಗಳನ್ನು ಮಣಿಯಂತೆ ಒಂದೊಂದಾಗಿ ಪೋಣಿಸುವ, ಮೆರಿಫೀಲ್ಡ್ ಎಂಬ ವಿಜ್ಞಾನಿಯ ವಿಧಾನ 1963ರಿಂದ ಇದೆ. ಎಷ್ಟನೇ ಮಣಿಗೆ ಸಕ್ಕರೆ ಬೇಕೋ ಅಲ್ಲಿಗೇ ಕೂರಿಸಬಹುದು. ಲೈಸಿನ್ ಎಂಬ ಮಣಿಗೆ ಎರಡು ಅಮೈನೋ ಕೈ. ಸರ ಅಲ್ಲಿ ಕವಲೊಡೆದು ಎರಡು, ನಾಲ್ಕು, ಎಂಟಾಗುತ್ತದೆ. ಮೊಮ್ಮಗಳ ನಾಲ್ಕು ಬಹುಶಃ ಹೀಗೆ ಬಂದದ್ದು.

ನನಗೆ ಇಷ್ಟವಾದ ಉದಾಹರಣೆ ಕೆನಡಾದ್ದು. ರಕ್ತಭೇದಿ ತರುವ ಕೆಲವು ಬ್ಯಾಕ್ಟೀರಿಯಾಗಳ ಶಿಗಾ ಮಾದರಿಯ ವಿಷದಲ್ಲಿ ಸಕ್ಕರೆ ಹಿಡಿಯುವ ಭಾಗ ಐದು ತುಂಡಿನದು. 2000ದಲ್ಲಿ ಅಲ್ಲಿಯವರು ಅದಕ್ಕೆ ತಕ್ಕಂತೆ ಐದು ತೋಳಿನ ಅಣು ಕಟ್ಟಿದರು. ಪ್ರಯೋಗಾಲಯದಲ್ಲಿ ಅದು ಬಿಡಿ ಸಕ್ಕರೆ ತುಂಡಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಚೆನ್ನಾಗಿ ವಿಷವನ್ನು ತಡೆಯಿತು. ಅದರ ನಡುವಿದ್ದದ್ದು ಪೆಪ್ಟೈಡ್ ಅಲ್ಲ, ಗ್ಲೂಕೋಸ್. ಲೆಕ್ಕ ಮಾತ್ರ ಅದೇ.

ಔಷಧದ ಅಂಗಡಿಗೂ ಈ ಉಪಾಯ ಬಂದಿದೆ. ಕೊಲೆಸ್ಟ್ರಾಲ್ ಇಳಿಸುವ ಇನ್‌ಕ್ಲಿಸಿರಾನ್ ಇಂಜೆಕ್ಷನ್‌ನಲ್ಲಿ ಔಷಧವಾಗಿರುವ ಆರ್‌ಎನ್‌ಎ ತುಂಡಿಗೆ ಗ್ಯಾಲ್‌ನ್ಯಾಕ್ ಎಂಬ ಸಕ್ಕರೆ ಮೂರು ಕಟ್ಟಿರುತ್ತಾರೆ. ಆ ಮೂರನ್ನು ಹಿಡಿದು ಲಿವರ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಪೆಪ್ಟೈಡಿನವು ಇನ್ನೂ ಹೆಚ್ಚಾಗಿ ಪ್ರಯೋಗಾಲಯದಲ್ಲೇ ಇವೆ. ನುಂಗಿದರೆ ಹೊಟ್ಟೆಯ ಕಿಣ್ವಗಳು ಪೆಪ್ಟೈಡನ್ನು ಕತ್ತರಿಸಿಬಿಡುತ್ತವೆ, ಅದೊಂದು ತೊಡಕು.

ನಿಮ್ಮ ಶುಗರ್ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮೊಮ್ಮಗಳು ಊರಿಗೆ ಬಂದಾಗ, ತೋಳಿನ ಉದ್ದ ಹೇಗೆ ಗೊತ್ತುಮಾಡಿದೆ ಎಂದು ಕೇಳಿ. ಅವಳು ಹೇಳಿದ್ದನ್ನು ನಮಗೂ ಬರೆಯಿರಿ.

ಸಂಪಾದಕ