ಜೋಡಿ ಯುದ್ಧವಿಮಾನ ತಿರುಗುವ ಲೆಕ್ಕ

ಪ್ರಶ್ನೆ: ಏರೋ ಇಂಡಿಯಾದಲ್ಲಿ ಸೂರ್ಯಕಿರಣ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುತ್ತವೆ. ಕಾಳಗದಲ್ಲಿ ಕಿಲೋಮೀಟರ್‌ಗಟ್ಟಲೆ ದೂರ ಇರುತ್ತವಂತೆ. ಅಷ್ಟು ದೂರವಿದ್ದು ಒಟ್ಟಿಗೆ ತಿರುಗುವುದು ಹೇಗೆ?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: 90 ಡಿಗ್ರಿ ತಿರುವಿನಲ್ಲಿ ಒಟ್ಟಿಗೆ ತಿರುಗುವುದೇ ಇಲ್ಲ. ಅಂಟಿಕೊಂಡು ಹಾರುವ ಪೈಲಟ್ ಪಕ್ಕದ ವಿಮಾನದಿಂದ ಕಣ್ಣು ಕೀಳುವಂತಿಲ್ಲ. ಶತ್ರುವನ್ನು ಹುಡುಕುವುದು ಯಾವಾಗ? ಅದಕ್ಕೇ ಕಾಳಗದ ಜೋಡಿ ಅಕ್ಕಪಕ್ಕ, ಸುಮಾರು 2 ಕಿ.ಮೀ. ಅಂತರದಲ್ಲಿ ಹಾರುತ್ತಾ ಪರಸ್ಪರರ ಬೆನ್ನು ಕಾಯುತ್ತದೆ.

ದುರ್ಗದ ಮೇಲೆ ಉತ್ತರಕ್ಕೆ ಹೊರಟ ಜೋಡಿ ಬಲಕ್ಕೆ, ಚಳ್ಳಕೆರೆ ದಿಕ್ಕಿಗೆ ತಿರುಗಬೇಕು ಎಂದುಕೊಳ್ಳಿ. ಇಬ್ಬರೂ ಒಂದೇ ಕ್ಷಣ ತಿರುಗಿದರೆ ಒಬ್ಬರ ಹಿಂದೆ ಒಬ್ಬರಾಗುತ್ತಾರೆ. ಮುಂದಿನವನಿಗೆ ಹಿಂದಿನವನು ಕಾಣುವುದೇ ಕಷ್ಟ, ಹಿಂದಿನವನ ಬೆನ್ನಿಗಂತೂ ಕಾವಲೇ ಇಲ್ಲ.

ಹಾಗಾಗಿ ಎಡಗಡೆಯ, ಅಂದರೆ ಹೊರಬದಿಯ ವಿಮಾನ ಮೊದಲು ತಿರುಗುತ್ತದೆ. ಬಲಗಡೆಯದು ನೇರ ಹೋಗುತ್ತಲೇ ಇರುತ್ತದೆ. ಎಷ್ಟು ಹೊತ್ತು? ಅಂತರವನ್ನು ವೇಗದಿಂದ ಭಾಗಿಸಿ. ವೇಗ 450 ನಾಟ್ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ ಸುಮಾರು 230 ಮೀಟರ್, 2 ಕಿ.ಮೀ.ಗೆ 9 ಸೆಕೆಂಡಿನ ಆಸುಪಾಸು. 4 ಜಿ ಎಳೆದರೆ, ಅಂದರೆ ಮೈಮೇಲೆ ತೂಕದ ನಾಲ್ಕು ಪಟ್ಟು ಬಲ ಬೀಳುವಷ್ಟು ಬಿಗಿಯಾಗಿ ತಿರುಗಿದರೆ, ತಿರುವಿನ ತ್ರಿಜ್ಯ ಸುಮಾರು 1.4 ಕಿ.ಮೀ., 90 ಡಿಗ್ರಿಗೆ ಹತ್ತು ಸೆಕೆಂಡು ಸಾಕು. ಕಾಕ್‌ಪಿಟ್‌ನಲ್ಲಿ ಯಾರೂ ಗಡಿಯಾರ ನೋಡುತ್ತಾ ಕೂರುವುದಿಲ್ಲ. ನೀವು ಬಲಗಡೆಯ, ಅಂದರೆ ಒಳಬದಿಯ ವಿಮಾನದಲ್ಲಿದ್ದೀರಿ ಎಂದುಕೊಳ್ಳಿ. ಜೊತೆಗಾರ ತಿರುವು ಮುಗಿಸುತ್ತಾ ನಿಮ್ಮ ಎಡ ಹಿಂಬದಿಗೆ, ಸುಮಾರು 8 ಗಂಟೆಯ ದಿಕ್ಕಿಗೆ (ನಿಮ್ಮ ಮೂತಿಯ ನೇರ 12 ಗಂಟೆ) ಸರಿದು, ಅವನ ವಿಮಾನದ ಮೂತಿ ನಿಮ್ಮ ಬಾಲದ ಹಿಂದಕ್ಕೆ ನೆಟ್ಟಾಗ ನೀವು ತಿರುಗಬೇಕು. ಕೊನೆಗೆ ಅಂತರ ಅದೇ 2 ಕಿ.ಮೀ., ಎಡಬಲ ಮಾತ್ರ ಅದಲುಬದಲು. ಗ್ರಾಫ್ ಹಾಳೆಯ ಮೇಲೆ ಬಿಡಿಸಿದರೆ ಐದೇ ನಿಮಿಷದಲ್ಲಿ ಹೊಳೆಯುತ್ತದೆ.

ಸಾಮಾನ್ಯ ತಪ್ಪು ಆತುರ. 2 ಸೆಕೆಂಡು ಬೇಗ ತಿರುಗಿದರೆ ಅಂತರ 460 ಮೀಟರ್ ಕುಗ್ಗುತ್ತದೆ, ಜೊತೆಗೆ ಅಷ್ಟೇ ಮುಂದೆಯೂ ಹೋಗಿರುತ್ತೀರಿ. ಆಗ ಹೊರಮುಖವಾಗಿ ತುಸು ತಿರುಗಿ ಅಂತರ ಹಿಗ್ಗಿಸಿ, ಥ್ರಾಟಲ್ (ಎಂಜಿನ್ ಶಕ್ತಿ) ತಗ್ಗಿಸಿ ಸಾಲಿಗೆ ಬರಬೇಕು. ತಡ ಮಾಡಿದರೆ ಉಲ್ಟಾ: ದೂರವೂ ಹೆಚ್ಚು, ಹಿಂದೆಯೂ ಉಳಿಯುತ್ತೀರಿ. ಒಬ್ಬ 4 ಜಿ, ಇನ್ನೊಬ್ಬ 5 ಜಿ ಎಳೆದರೂ ಇದೇ ಗತಿ; ತ್ರಿಜ್ಯವೇ ಬೇರೆಯಾಗುತ್ತದೆ. ದಾರಿಗಳು ಅಡ್ಡ ಹಾಯುವುದರಿಂದ ಯಾರು ಮೇಲೆ, ಯಾರು ಕೆಳಗೆ, ರೇಡಿಯೊ ಇಲ್ಲದಾಗ ಸನ್ನೆ ಯಾವುದು ಎಂಬುದು ಹಾರುವ ಮೊದಲೇ ಬ್ರೀಫಿಂಗ್‌ನಲ್ಲಿ ತೀರ್ಮಾನವಾಗಿರಬೇಕು.

ನೀವು ಹೇಳಿದ ಒಟ್ಟಿಗೆ ತಿರುಗುವ ಪದ್ಧತಿ ನಡೆಯುವುದು 180 ಡಿಗ್ರಿಗೆ. ಇಬ್ಬರೂ ಒಂದೇ ಬದಿಗೆ ಪೂರ್ತಿ ತಿರುಗಿದರೆ ಸಾಲು ಮತ್ತೆ ಕೂಡುತ್ತದೆ. ನಡುವಿನ ಕೆಲವು ಸೆಕೆಂಡು ಮಾತ್ರ ಹಿಂದಿನವನ ಬೆನ್ನು ಬಯಲು.