ಸಂಪಾದಕರ ಉತ್ತರ: ಬರೀ ರೇಡಿಯೋ ಕೇಳಿ ನಂಬಿಕೆ ಬದಲಾಗುತ್ತಾ?

ಹೋದ ಸಂಚಿಕೆಯಲ್ಲಿ ಬಾನುಲಿ ಮೂಲಕ ಕ್ರೈಸ್ತರಾದವರ ಬಗ್ಗೆ ಲೇಖನ ಹಾಕಿದ್ದೆವು. ಅದನ್ನು ಓದಿ ಒಬ್ಬರು ಬರೆದಿದ್ದಾರೆ: ‘ಪಾದ್ರಿ ಇಲ್ಲ, ಚರ್ಚ್ ಇಲ್ಲ, ಒಂದು ಡಬ್ಬಿಯ ಮಾತು ಕೇಳಿ ಜನ ಧರ್ಮ ಬದಲಿಸಿದರು ಅಂದರೆ ನಂಬೋದು ಹೇಗೆ? ಇದೆಲ್ಲ ಪ್ರಸಾರ ಮಾಡುವವರೇ ಹೇಳಿಕೊಳ್ಳುವ ಲೆಕ್ಕ ಅಲ್ವಾ? ಅಷ್ಟಕ್ಕೂ ದೂರದ ದೇಶಗಳಿಗೂ ತಲುಪುವ ಶಾರ್ಟ್‌ವೇವ್ ರೇಡಿಯೋ ಈಗ ಕೇಳೋರು ಯಾರು?’

ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ತಲೆಬಾಗುತ್ತೇನೆ. ಸ್ಟೇಷನ್‌ಗೆ ಹತ್ತು ಸಾವಿರ ಪತ್ರ ಬಂದರೆ ಹತ್ತು ಸಾವಿರ ಜನ ಕ್ರೈಸ್ತರಾದರು ಅಂತ ಅರ್ಥವಲ್ಲ. ಕೆಲವರು ಕ್ಯಾಲೆಂಡರ್ ಕಳಿಸಿ ಅಂತಷ್ಟೇ ಬರೆಯುತ್ತಾರೆ. ನಮ್ಮ ಲೇಖನ ಈ ವ್ಯತ್ಯಾಸ ಹೇಳಬೇಕಿತ್ತು, ಹೇಳಲಿಲ್ಲ.

ಆದರೆ ‘ಆಗೋದೇ ಇಲ್ಲ’ ಅನ್ನುವ ಮಾತನ್ನು ಒಪ್ಪಲಾರೆ. ವಿಯೆಟ್ನಾಂನ ಉತ್ತರದ ಗುಡ್ಡಗಾಡಿನ ಹ್ಮಾಂಗ್ ಜನರನ್ನೇ ನೋಡಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಕೆಲವರು ತಮ್ಮ ಭಾಷೆಯ ದನಿಯೊಂದು ಸಿಗುತ್ತಾ ಅಂತ ರೇಡಿಯೋ ತಿರುಗಿಸುತ್ತಿದ್ದರು. ಸಿಕ್ಕಿದ್ದು ಕ್ರೈಸ್ತ ಪ್ರಸಾರ ಸಂಸ್ಥೆಯಾದ ಫಾರ್ ಈಸ್ಟ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮನಿಲಾದಿಂದ ಬಿತ್ತರಿಸುತ್ತಿದ್ದ ಕಾರ್ಯಕ್ರಮ. ಮಾತಾಡುತ್ತಿದ್ದವರು ಅಮೆರಿಕದಲ್ಲಿ ನೆಲೆಸಿದ್ದ ಹ್ಮಾಂಗ್ ಪಾದ್ರಿ. ಅವರು ಹ್ಮಾಂಗ್ ಜನಪದ ಕಥೆಗಳನ್ನೇ ಹಿಡಿದುಕೊಂಡು ಯೇಸುವಿನ ಕಥೆ ಹೇಳುತ್ತಿದ್ದರು. ಕೇಳಿದವರಿಗೆ ಅದು ಹೊರಗಿನವರ ಮಾತು ಅನ್ನಿಸಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹಬ್ಬಿತು. ಇಂದು ವಿಯೆಟ್ನಾಂನ ಹ್ಮಾಂಗ್ ಜನರಲ್ಲಿ ಕ್ರೈಸ್ತರು ಲಕ್ಷಗಳ ಲೆಕ್ಕದಲ್ಲಿದ್ದಾರೆ. ಇದನ್ನು ಪ್ರಸಾರದವರಷ್ಟೇ ಹೇಳುತ್ತಿಲ್ಲ, ಮಾನವಶಾಸ್ತ್ರದ ಸಂಶೋಧಕರೂ ಹಳ್ಳಿಗಳಲ್ಲಿ ಇದ್ದು ಬರೆದಿದ್ದಾರೆ.

ಹಾಗಂತ ರೇಡಿಯೋ ಒಂದೇ ಎಲ್ಲ ಮಾಡಿತೇ? ಇಲ್ಲ. ಕಾಯಿಲೆಗೆ, ಸಾವಿಗೆ ಪ್ರಾಣಿ ಬಲಿ ಕೊಟ್ಟೂ ಕೊಟ್ಟೂ ಮನೆ ಬರಿದಾಗುತ್ತಿತ್ತು, ಆ ಖರ್ಚಿನಿಂದ ಬಿಡುಗಡೆ ಬೇಕಿತ್ತು ಅನ್ನುವ ವಿವರಣೆಯೂ ಇದೆ. ನನಗೆ ಅದು ಒಪ್ಪಿಗೆ, ಪೂರ್ತಿ ಅಲ್ಲ. ಖರ್ಚು ಉಳಿಸಲು ಹೊರಟವರು ಇಷ್ಟೊಂದು ಕಷ್ಟ ಮೈಮೇಲೆ ಎಳೆದುಕೊಳ್ಳುತ್ತಿರಲಿಲ್ಲ. ಸರ್ಕಾರ ಅವರನ್ನು ಅನುಮಾನದಿಂದ ನೋಡಿತು, ನಂಬಿಕೆ ಬಿಡಿ ಅಂತ ಒತ್ತಾಯಿಸಿತು. ಹಲವರು ಊರು ಬಿಟ್ಟು ದೇಶದ ಮಧ್ಯಭಾಗದ ದೂರದ ಎತ್ತರನಾಡಿಗೆ ಹೋದರು. ಪಿತೃಗಳ ಪೂಜೆ ಬಿಡದವರು ಒಂದು ಕಡೆ, ಬಿಟ್ಟವರು ಇನ್ನೊಂದು ಕಡೆ ಆಗಿ ಮನೆಗಳೇ ಒಡೆದವು. ಈ ನೋವನ್ನೂ ನಮ್ಮ ಲೇಖನ ಬಿಟ್ಟಿತ್ತು.

ಪಾದ್ರಿ, ಚರ್ಚ್ ಇಲ್ಲದೆ ಹೇಗೆ ಅಂದಿರಿ. ಇಲ್ಲದೆಯೇ ಶುರುವಾಯಿತು, ಆಮೇಲೆ ಜನರೇ ಹುಡುಕಿಕೊಂಡು ಹೋದರು. ರೇಡಿಯೋದಲ್ಲಿ ಕೇಳಿದ್ದನ್ನು ಕಲಿಸಿಕೊಡಿ ಅಂತ ಗುಡ್ಡ ಇಳಿದು ಹನೋಯಿಯ ಚರ್ಚಿನ ಬಾಗಿಲಿಗೆ ಬಂದರು.

ಸೋವಿಯತ್ ಒಕ್ಕೂಟ, ಚೀನಾಗಳ ಕಡೆಗೆ ಇನ್ನೊಂದು ಥರದ ಕಾರ್ಯಕ್ರಮ ಹೋಗುತ್ತಿತ್ತು. ಬೈಬಲ್ ಪುಸ್ತಕ ಸಿಗದ ಜನಕ್ಕಾಗಿ ಅದನ್ನು ಉಕ್ತಲೇಖನದಂತೆ ಓದುತ್ತಿದ್ದರು. ನಾಲ್ಕೈದು ಪದ, ಒಂದು ನಿಲುಗಡೆ, ಮತ್ತೆ ಅದೇ ಪದಗಳು. ಅಲೆ ಏರಿಳಿದು ದನಿ ಮಸುಕಾಗುತ್ತೆ, ಮೇಲೆ ಕೆಲವೊಮ್ಮೆ ಸರ್ಕಾರ ಬೇಕಂತಲೇ ಹಾಕಿದ ಗರಗರ ಸದ್ದು. ಕೇಳುವವರು ಕಿವಿಯನ್ನು ಸ್ಪೀಕರ್‌ಗೆ ಒತ್ತಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಬೇಕು. ತಪ್ಪಿದ ಪದಕ್ಕೆ ಜಾಗ ಬಿಟ್ಟು ಮುಂದೆ ಹೋಗಬೇಕು. ಸುಮ್ನೆ ಹೊತ್ತು ಹೋಗದೆ ಯಾರೂ ಇಷ್ಟು ಪಾಡು ಪಡುವುದಿಲ್ಲ.

ಅಲ್ಬೇನಿಯಾದ್ದು ವಿಚಿತ್ರ ಕಥೆ. 1967ರಲ್ಲಿ ಅಲ್ಲಿ ಧರ್ಮವನ್ನೇ ನಿಷೇಧಿಸಿದರು. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ, 1992ರಲ್ಲಿ, ಆ ಸರ್ಕಾರ ಪ್ರಚಾರಕ್ಕೆ ಬಳಸುತ್ತಿದ್ದ ಟ್ರಾನ್ಸ್‌ಮಿಟರ್‌ಗಳ ಸಮಯವನ್ನೇ ಕ್ರೈಸ್ತ ಪ್ರಸಾರ ಸಂಸ್ಥೆ ಟ್ರಾನ್ಸ್ ವರ್ಲ್ಡ್ ರೇಡಿಯೋ ಬಾಡಿಗೆಗೆ ಪಡೆಯಿತು!

ಇನ್ನು ಈಗ ಕೇಳೋರು ಯಾರು ಅನ್ನೋದು. ಕಡಿಮೆಯಾಗಿದ್ದಾರೆ, ನಿಜ. 1931ರ ಕ್ರಿಸ್‌ಮಸ್ ದಿನ ಇಕ್ವೆಡಾರ್‌ನ ಕೀಟೋದಲ್ಲಿ ಶುರುವಾದ ಕ್ರೈಸ್ತ ಸ್ಟೇಷನ್ ಎಚ್‌ಸಿಜೆಬಿ 2009ರಲ್ಲಿ ಕೀಟೋ ಬಳಿಯ ಪಿಫೋದ ತನ್ನ ಶಾರ್ಟ್‌ವೇವ್ ಕೇಂದ್ರ ಮುಚ್ಚಿತು. ಹತ್ತಿರದಲ್ಲೇ ಹೊಸ ವಿಮಾನ ನಿಲ್ದಾಣ ಬರುತ್ತಿತ್ತು, ಎತ್ತರದ ಕಂಬಗಳು ಇಳಿಯಲೇಬೇಕಿತ್ತು. ಈಗ ಜಾಸ್ತಿ ಜನ ಕೇಳುವುದು ಫೋನಿನಲ್ಲಿ, ಊರಿನ ಎಫ್‌ಎಂನಲ್ಲಿ. ಆದರೂ ಉತ್ತರ ಕೊರಿಯಾದ ಕಡೆಗೆ ಪ್ರಸಾರ ನಿಂತಿಲ್ಲ. ಅಲ್ಲಿ ಸರ್ಕಾರದ ಸ್ಟೇಷನ್ ಬಿಟ್ಟು ಬೇರೇನೂ ಸಿಗದಂತೆ ಸೆಟ್‌ಗಳನ್ನು ಬಿಗಿದಿರುತ್ತಾರೆ. ಕದ್ದು ಬಂದ ಸೆಟ್ ಇದ್ದವರು ರಾತ್ರಿ ಕೇಳುತ್ತಾರೆ. ಫೋನಿನಲ್ಲಿ ಏನು ನೋಡಿದಿರಿ ಅನ್ನುವ ಗುರುತು ಉಳಿಯುತ್ತೆ. ರೇಡಿಯೋ ಅಲೆಗೆ ತನ್ನನ್ನು ಯಾರು ಕೇಳಿದರು ಅಂತ ಗೊತ್ತಾಗುವುದಿಲ್ಲ. ಈಗ ಎಷ್ಟು ಜನ ಕೇಳುತ್ತಾರೆ ಅನ್ನುವ ಖಚಿತ ಲೆಕ್ಕ ನನ್ನ ಹತ್ತಿರ ಇಲ್ಲದಿರುವುದೂ ಅದಕ್ಕೇ.

— ಸಂಪಾದಕ