ಕಾರು ತಗ್ಗಿಸುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ತೊಂಬತ್ತರ ದಶಕದ ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿರುವ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡು ಹಿಂಚಕ್ರಗಳನ್ನು ಕೂಡಿಸುವ, ತಿರುಚಿಕೊಳ್ಳಬಲ್ಲ ಅಡ್ಡತೊಲೆ). ಕಾರಿನ ಎತ್ತರ ತಗ್ಗಿಸಲು ಹೊಸ ಸ್ಪ್ರಿಂಗ್ ಕೊಳ್ಳುವ ಬದಲು ಈಗಿರುವುದರಲ್ಲೇ ಒಂದು ಸುತ್ತು ಕತ್ತರಿಸಿದರೆ ಆಗದೇ?

ಉತ್ತರ: ಬೇಡ. ಏಕೆಂದು ಲೆಕ್ಕದಲ್ಲೇ ನೋಡಿ. ಮುಂದಿನ ಒಂದು ಸ್ಪ್ರಿಂಗಿನ ಮೇಲೆ 2,800 ನ್ಯೂಟನ್ ಭಾರ, ಗಡಸುತನ ಮಿ.ಮೀ.ಗೆ 20 ನ್ಯೂಟನ್, ಕೆಲಸ ಮಾಡುವ ಸುತ್ತು 5, ಬಿಚ್ಚಿಟ್ಟಾಗಿನ ಉದ್ದ 350 ಮಿ.ಮೀ. ಎಂದುಕೊಳ್ಳೋಣ. ಕಾರು ನೆಲದ ಮೇಲೆ ನಿಂತಾಗ ಅದು 140 ಮಿ.ಮೀ. ಕುಗ್ಗಿ 210ಕ್ಕೆ ಬರುತ್ತದೆ. ಒಂದು ಸುತ್ತು ತೆಗೆದರೆ ಉದ್ದ 280ಕ್ಕೆ ಇಳಿಯುತ್ತದೆ, ಗಡಸುತನ 25ಕ್ಕೆ ಏರುತ್ತದೆ; ಅದೇ ಭಾರಕ್ಕೆ 112 ಕುಗ್ಗಿ 168ಕ್ಕೆ ನಿಲ್ಲುತ್ತದೆ. ಕಾರು 42 ಮಿ.ಮೀ. ತಗ್ಗಿತು, ಸರಿ. ಈಗ ಅದೇ ಕಾರನ್ನು ಜ್ಯಾಕ್ ಮೇಲೆ ಎತ್ತಿ. ಮೊದಲು ಚಕ್ರ 70 ಮಿ.ಮೀ. ಕೆಳಗಿಳಿದು ಶಾಕ್ ಅಬ್ಸಾರ್ಬರ್ ತುದಿ ಮುಟ್ಟುತ್ತಿತ್ತು ಎನ್ನಿ. ಆಗಲೂ ಸ್ಪ್ರಿಂಗ್ 70 ಮಿ.ಮೀ. ಅದುಮಿಕೊಂಡೇ ಇರುತ್ತಿತ್ತು. ಈಗ ಚಕ್ರ 112 ಮಿ.ಮೀ. ಇಳಿಯಬಹುದು, ಸ್ಪ್ರಿಂಗಿನಲ್ಲಿ ಉಳಿದಿರುವ ಕುಗ್ಗುವಿಕೆಯೂ ಅಷ್ಟೇ. ಬಿಗಿ ಸೊನ್ನೆ. ಗುಂಡಿಯಲ್ಲಿ ಚಕ್ರ ಜೋತುಬಿದ್ದ ಕ್ಷಣ ಸ್ಪ್ರಿಂಗ್ ತನ್ನ ಕೂರುಜಾಗದಿಂದ ಸರಿಯುತ್ತದೆ, ಮತ್ತೆ ಭಾರ ಬಿದ್ದಾಗ ಓರೆಯಾಗಿ ಕೂರುತ್ತದೆ.

ಇನ್ನೊಂದು ತೊಂದರೆ ತುದಿಯದು. ಸ್ಪ್ರಿಂಗಿನ ಕೊನೆಯ ಸುತ್ತನ್ನು ಅದರ ಕೂರುಜಾಗಕ್ಕೆ (ಸೀಟಿಗೆ) ಹೊಂದುವಂತೆ ಬಾಗಿಸಿರುತ್ತಾರೆ. ಕತ್ತರಿಸಿದ ಮೊಂಡು ತುದಿ ಅಲ್ಲಿ ಸರಿಯಾಗಿ ಕೂರದೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಬಣ್ಣ ಕಿತ್ತು, ತುಕ್ಕು ಹಿಡಿದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಗ್ಯಾಸ್ ಕಟ್ಟರ್‌ನಿಂದ ಕಾಯಿಸಿ ಸ್ಪ್ರಿಂಗನ್ನು ಕುಗ್ಗಿಸಿ ಗಿಡ್ಡ ಮಾಡುವುದಂತೂ ಇದಕ್ಕಿಂತ ಅಪಾಯ. ಕಾದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ. ನಿಮ್ಮ ಮಾದರಿಗೆಂದೇ ತಯಾರಾದ, 25ರಿಂದ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿ.

ಪ್ರಶ್ನೆ: ತಗ್ಗಿಸುವ ಸ್ಪ್ರಿಂಗ್ ಹಾಕಿದ ಮೇಲೆ ಸಣ್ಣ ಉಬ್ಬಿಗೂ ಧಡ್ ಎಂದು ಹೊಡೆಯುತ್ತದೆ, ಆಮೇಲೆ ಕಾರು ಕುಣಿಯುತ್ತದೆ. ಶಾಕ್‌ಗಳಲ್ಲಿ ಎಣ್ಣೆ ಸೋರಿಲ್ಲ.

ಉತ್ತರ: ಧಡ್ ಎನ್ನುವುದು ಬಂಪ್ ಸ್ಟಾಪ್, ಅಂದರೆ ಚಕ್ರ ಮೇಲೇರುವುದನ್ನು ಕೊನೆಯಲ್ಲಿ ತಡೆಯುವ ರಬ್ಬರಿನಂಥ ಗೂಟ. ಮೇಲಿನ ಕಾರಿನಲ್ಲೇ ನಿಂತ ಎತ್ತರದಿಂದ ಬಂಪ್ ಸ್ಟಾಪ್‌ವರೆಗೆ 60 ಮಿ.ಮೀ. ಜಾಗ ಇತ್ತೆನ್ನಿ. 20ರ ಸ್ಪ್ರಿಂಗ್ ಆ 60ರಲ್ಲಿ 1,200 ನ್ಯೂಟನ್ ಹೊಡೆತ ತಾಳಿಕೊಳ್ಳುತ್ತದೆ. 42 ಮಿ.ಮೀ. ತಗ್ಗಿಸಿದರೆ ಉಳಿಯುವುದು 18 ಮಿ.ಮೀ.; 25ರ ಸ್ಪ್ರಿಂಗಿಗೆ ಅಲ್ಲಿ ತಾಳುವುದು 450 ಮಾತ್ರ. ಬದಲಿಗೆ 25 ಮಿ.ಮೀ. ತಗ್ಗಿಸಿ, 28ರ ಸ್ಪ್ರಿಂಗ್ ಹಾಕಿ, ಬಂಪ್ ಸ್ಟಾಪನ್ನು 10 ಮಿ.ಮೀ. ಗಿಡ್ಡ ಮಾಡಿದರೆ 45 ಮಿ.ಮೀ. ಸಿಗುತ್ತದೆ, ತಾಳುವ ಬಲ 1,260. ಹಳೆಯ ಸ್ಥಿತಿಗೆ ಮರಳಿದಂತಾಯಿತು. ತಗ್ಗಿಸುವ ಕೆಲಸದಲ್ಲಿ ಕಾಪಾಡಿಕೊಳ್ಳಬೇಕಾದದ್ದು ಈ ಉಳಿದ ಜಾಗವನ್ನೇ; ಫೆಂಡರ್ ಮತ್ತು ಟೈರ್ ನಡುವಿನ ಸಂದನ್ನು ನೋಡಿ ಎತ್ತರ ನಿರ್ಧರಿಸುವವರು ಎಡವುವುದು ಇಲ್ಲೇ.

ಬಂಪ್ ಸ್ಟಾಪ್ ಕತ್ತರಿಸುವಾಗ ಸಪೂರ ತುದಿಯನ್ನು ಮುಟ್ಟಬೇಡಿ, ದಪ್ಪ ಬದಿಯಿಂದ ತೆಗೆಯಿರಿ. ಮೆತ್ತಗೆ ಶುರುವಾಗಿ ಗಟ್ಟಿಯಾಗುವ ಗುಣ ಆ ಸಪೂರ ತುದಿಯದು. ಸ್ಪ್ರಿಂಗ್ ತಯಾರಕರು ಎಷ್ಟು ತೆಗೆಯಬೇಕೆಂದು ಬರೆದಿದ್ದರೆ ಅದನ್ನೇ ಪಾಲಿಸಿ. ಪೂರ್ತಿ ಕಿತ್ತುಹಾಕಿದರೆ ಶಾಕಿನ ಪಿಸ್ಟನ್ ತಳಕ್ಕೆ ಬಡಿದು ವಾಲ್ವ್ ಹಾಳಾಗುತ್ತದೆ.

ಕುಣಿತಕ್ಕೆ ಕಾರಣ ಶಾಕ್. ಸೋರದಿದ್ದರೂ ವರ್ಷಗಟ್ಟಲೆ ದುಡಿದ ಶಾಕ್ ಸವೆದಿರುತ್ತದೆ. ಸ್ಪ್ರಿಂಗ್ 40 ಶೇಕಡಾ ಗಡುಸಾದರೆ ಅದನ್ನು ಹಿಡಿದಿಡಲು ಸುಮಾರು 18 ಶೇಕಡಾ ಹೆಚ್ಚು ಡ್ಯಾಂಪಿಂಗ್ (ಕುಣಿತ ತಡೆಯುವ ಬಲ) ಬೇಕು. ಸ್ಪ್ರಿಂಗ್ ಮತ್ತು ಶಾಕ್ ಜೊತೆಯಾಗಿ ಬದಲಾಗಬೇಕು, ನಾಲ್ಕೂ ಮೂಲೆಯಲ್ಲಿ.

ಪ್ರಶ್ನೆ: ಕೆಲಸವನ್ನು ನಾನೇ ಮಾಡಬಹುದೇ? ಕ್ರಮ ತಿಳಿಸಿ.

ಉತ್ತರ: ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ರೆಂಚ್, ಎರಡು ಆಕ್ಸಲ್ ಸ್ಟ್ಯಾಂಡ್ ಮತ್ತು ಆ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಇದ್ದರೆ ಮಾಡಬಹುದು. ಮೊದಲು ಸಮತಟ್ಟು ನೆಲದಲ್ಲಿ, ಪ್ರತಿ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಹಿಂದಿನ ದಿನವೇ ಎಲ್ಲ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ.

ಸ್ಟ್ರಟ್ ಬಿಚ್ಚುವಾಗ ಬ್ರೇಕ್ ಹೋಸಿನ ಕ್ಲಿಪ್ ಮೊದಲು ತೆಗೆಯಿರಿ, ಕ್ಯಾಲಿಪರ್ ಹೋಸಿನಲ್ಲಿ ತೂಗಾಡಬಾರದು. ಸ್ಟ್ರಟ್ ಹೊರಬಂದ ಮೇಲೆ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಕೈ ಸ್ಪ್ಯಾನರಿನಿಂದಲೇ ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಬಿಗಿಯುತ್ತಾ ಬನ್ನಿ. ಸ್ಪ್ರಿಂಗ್ ಸೀಟಿನಿಂದ ಸಡಿಲವಾಗಿ ಕೈಯಲ್ಲಿ ತಿರುಗುವವರೆಗೂ ಮೇಲಿನ ನಡುನಟ್ಟು ಮುಟ್ಟಕೂಡದು. ಇಲ್ಲಿ ಆತುರಪಟ್ಟರೆ ಕೈಯೋ ಮುಖವೋ ಹೋಗುತ್ತದೆ. ಇದು ಹೆದರಿಸಲು ಬರೆದ ಮಾತಲ್ಲ. ಒಳಗಿನ ರಾಡ್ ತಿರುಗದಂತೆ ಅಲೆನ್ ಕೀಲಿಯಿಂದ ಹಿಡಿದು ನಟ್ಟು ಬಿಚ್ಚಿ. ಟಾಪ್ ಮೌಂಟ್ (ಸ್ಟ್ರಟ್ಟಿನ ಮೇಲ್ತುದಿಯನ್ನು ಕಾರಿಗೆ ಹಿಡಿದಿಡುವ ಭಾಗ) ಮತ್ತು ಅದರ ಬೇರಿಂಗ್ ಹಳೆಯದಾಗಿದ್ದರೆ ಈಗಲೇ ಬದಲಿಸಿ. ಇನ್ನೊಮ್ಮೆ ಬದಲಿಸಲು ಇಷ್ಟೂ ಬಿಚ್ಚಬೇಕು. ಸೆಲ್ಫ್ ಲಾಕಿಂಗ್ ನಟ್ಟುಗಳನ್ನು ಮರಳಿ ಬಳಸಬೇಡಿ.

ಬಹಳ ಮಂದಿ ತಪ್ಪುವುದು ಕೀಲುಗಳಲ್ಲಿನ ರಬ್ಬರ್ ಉಂಗುರಗಳಾದ ಬುಷ್‌ಗಳಲ್ಲಿ. ಲೋಯರ್ ಆರ್ಮ್ (ಮುಂಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಮತ್ತು ಹಿಂದಿನ ಬೀಮ್‌ನ ಬುಷ್ ಬೋಲ್ಟ್‌ಗಳನ್ನು ಚಕ್ರ ಜೋತಾಡುವಾಗ ಬಿಗಿದರೆ, ಕಾರು ಇಳಿದೊಡನೆ ರಬ್ಬರ್ ತಿರುಚಿಕೊಂಡು ಹಾಗೆಯೇ ಉಳಿಯುತ್ತದೆ. ಬೇಗ ಹರಿಯುತ್ತದೆ, ಕಾರೂ ಬೇಕಾದಷ್ಟು ತಗ್ಗುವುದಿಲ್ಲ. ಆ ಬೋಲ್ಟ್‌ಗಳನ್ನು ಸಡಿಲಿಸಿಟ್ಟು, ಚಕ್ರದ ಮೇಲೆ ಪೂರ್ತಿ ಭಾರ ಬಂದ ನಂತರವೇ ಅಂತಿಮ ಟಾರ್ಕ್ ಕೊಡಿ.

ಕೊನೆಗೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್, ಟೈರ್ ಎಲ್ಲಿಯೂ ಉಜ್ಜುತ್ತಿಲ್ಲವೆಂದು ನೋಡಿ. ಹೆಡ್‌ಲೈಟನ್ನೂ ಹೊಸದಾಗಿ ಹೊಂದಿಸಿ. ಮುಂದೆ ಹಿಂದೆ ಒಂದೇ ಅಳತೆಯಲ್ಲಿ ಇಳಿಯದಿದ್ದರೆ ಬೆಳಕಿನ ಕೋನ ಬದಲಾಗಿರುತ್ತದೆ.

ಪ್ರಶ್ನೆ: ತಗ್ಗಿಸಿದ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಬ್ರೇಕ್ ಶೂ ಹೊಸದು, ಎಬಿಎಸ್ ಇಲ್ಲ.

ಉತ್ತರ: ಅದು ಸರಿಹೋಗುವವರೆಗೆ ಕಾರು ಓಡಿಸಬೇಡಿ. ಹಿಂಚಕ್ರ ಮೊದಲು ಲಾಕ್ ಆದರೆ ಕಾರು ಹಿಂಬದಿ ಮುಂದಾಗಿ ತಿರುಗಿಬಿಡುತ್ತದೆ. ಹಳೆಯ ಸಣ್ಣ ಕಾರುಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ವಾಲ್ವ್ ಇರುವುದುಂಟು. ಕಾರಿನ ಬಾಡಿಯಲ್ಲಿ ಕೂರಿಸಿದ ಈ ವಾಲ್ವ್‌ನ ಲಿವರ್‌ಗೂ ಹಿಂದಿನ ಬೀಮ್‌ಗೂ ನಡುವೆ ಒಂದು ಸ್ಪ್ರಿಂಗೋ ಕಡ್ಡಿಯೋ ಇರುತ್ತದೆ. ಕಾರು ತಗ್ಗಿದಾಗ, ಜನ ಸಾಮಾನು ತುಂಬಿದೆ ಎಂದು ತಿಳಿದು ವಾಲ್ವ್ ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಕಾರಿನಲ್ಲಿ ಲಿವರ್ ಮೊದಲಿದ್ದ ಕೋನಕ್ಕೇ ಬರುವಂತೆ ಕೊಂಡಿಯನ್ನು ಹೊಂದಿಸಬೇಕು. ಮ್ಯಾನ್ಯುಯಲ್‌ನಲ್ಲಿ ಒತ್ತಡದ ಅಂಕಿ ಕೊಟ್ಟಿದ್ದರೆ ಗೇಜ್ ಹಾಕಿಯೇ ನೋಡಿಸಿ. ಇನ್ನೂ ಕೆಲಸ ಶುರು ಮಾಡದವರು ಲಿವರಿನ ಸ್ಥಾನವನ್ನು ಈಗಲೇ ಅಳೆದಿಟ್ಟುಕೊಳ್ಳಿ.

ಪ್ರಶ್ನೆ: ಮುಂದಿನ ಟೈರುಗಳ ಒಳಅಂಚು ಬೇಗ ಸವೆಯುತ್ತಿದೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಕಾರಣವೇ?

ಉತ್ತರ: ಮುಖ್ಯ ಕಾರಣ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಬದಿ ಒಳಗೋ ಹೊರಗೋ ತಿರುಗಿರುವುದು) ಇರಬೇಕು. ತಗ್ಗಿಸಿದಾಗ ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡಿನ ಕೋನ ಬದಲಾಗಿ ಟೋ ಸರಿಯುತ್ತದೆ. ಯಾವ ಕಡೆಗೆ ಎಂಬುದು ಸ್ಟೀರಿಂಗ್ ರ‍್ಯಾಕ್ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಇದ್ದರೂ ಟೋ ಸರಿಯಿದ್ದರೆ ಟೈರ್ ಇಷ್ಟು ಬೇಗ ಹೋಗುವುದಿಲ್ಲ. ಸ್ಪ್ರಿಂಗ್ ಕೆಲವು ನೂರು ಕಿ.ಮೀ. ಓಡಿ ಕೂತ ಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿ.

ಲೋಯರ್ ಆರ್ಮ್ ಕೂಡ ಗಮನಿಸಿ. ಅದರ ಹೊರತುದಿ ಒಳತುದಿಗಿಂತ ಮೇಲೆದ್ದಿದ್ದರೆ ಕಾರು ಅತಿಯಾಗಿ ತಗ್ಗಿದೆ. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತದೋ ಆ ಕಾಲ್ಪನಿಕ ಬಿಂದು) ಕಾರಿನ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ, ತಿರುವಿನಲ್ಲಿ ಕಾರನ್ನು ವಾಲಿಸುವ ಸನ್ನೆಕೋಲು ಉದ್ದವಾಗುತ್ತದೆ. ಉದ್ದ ಪಿನ್ನಿನ ಬಾಲ್ ಜಾಯಿಂಟ್ ಹಾಕಿ ಸರಿಪಡಿಸಬಹುದು, ಟೈ ರಾಡ್ ತುದಿಯನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು. ಕಾರನ್ನೇ ಹತ್ತು ಮಿ.ಮೀ. ಮೇಲೆತ್ತುವುದು ಸುಲಭದ ದಾರಿ.

ಪ್ರಶ್ನೆ: ನನ್ನದು ಪೂಜೋ 205. ಹಿಂದೆ ಕಾಯಿಲ್ ಸ್ಪ್ರಿಂಗೇ ಇಲ್ಲ!

ಉತ್ತರ: ಅದರಲ್ಲಿ ಅಡ್ಡವಾಗಿ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್‌ಗಳಿವೆ. ಬಾರ್ ಹೊರತೆಗೆದು, ಶಾಕ್ ಇದ್ದ ಜಾಗಕ್ಕೆ ಬೇಕಾದ ಉದ್ದದ ಗಟ್ಟಿ ಪಟ್ಟಿ ಕಟ್ಟಿ ಆರ್ಮನ್ನು ಹೊಸ ಎತ್ತರದಲ್ಲಿ ನಿಲ್ಲಿಸಿ, ಬಾರಿನ ಹಲ್ಲುಗಳನ್ನು ಬೇರೆ ಸ್ಥಾನದಲ್ಲಿ ಕೂಡಿಸಬೇಕು. ಎಡ ಬಲದ ಬಾರ್ ಅದಲುಬದಲಾಗದಂತೆ ಗುರುತು ಹಾಕಿಕೊಳ್ಳಿ. ತುಕ್ಕಿನಿಂದ ಹಲ್ಲು ಕಚ್ಚಿಕೊಂಡಿದ್ದರೆ ಸ್ಲೈಡ್ ಹ್ಯಾಮರ್ ಬೇಕಾಗುತ್ತದೆ. ಸ್ಥಾನ ಬದಲಿಸಿದ ಮಾತ್ರಕ್ಕೆ ಬಾರ್ ಗಡುಸಾಗುವುದಿಲ್ಲ. ಹಾಗಾಗಿ ಇಲ್ಲಿ 20 ಮಿ.ಮೀ. ದಾಟದಿರುವುದು ಒಳ್ಳೆಯದು, ಅದಕ್ಕೂ ಕೆಳಗೆ ಬೇಕೆಂದರೆ ದಪ್ಪ ಬಾರ್ ಹಾಕಿಸಬೇಕು.